ಸ್ಟಾರ್ ಎಣಿಸಿದ್ದು ಸಾಕು, ಕಾರಣ ಹೇಳಿ

ಶುಕ್ರವಾರ ಬೆಳಗಿನ ಶೋ ಇಂಟರ್‌ವಲ್‌ಗೆ ಬರುವಷ್ಟರಲ್ಲಿ ಸಿನಿಮಾದ ಹಣೆಬರಹ ಬರೆದು ಮುಗಿದಿರುತ್ತದೆ. ‘ಫಸ್ಟ್ ಹಾಫ್ ಬೆಂಕಿ’, ‘ಸೆಕೆಂಡ್ ಹಾಫ್ ಲ್ಯಾಗ್’, ‘ಒಂದ್ಸಲ ನೋಡ್ಬಹುದು ಗುರು’ ಎಂದು ಥಿಯೇಟರ್ ಬಾಗಿಲಲ್ಲಿ ಮೈಕಿಗೆ ಕೂಗಿದ್ದೆಲ್ಲ ಮಧ್ಯಾಹ್ನದೊಳಗೆ ವಾಟ್ಸ್‌ಆ್ಯಪ್ ಸ್ಟೇಟಸ್ ಆಗಿರುತ್ತದೆ. ಸಂಜೆಗೆ ಐದರಲ್ಲಿ ಮೂರೋ ಮೂರೂವರೆಯೋ ಸ್ಟಾರ್ ಬೀಳುತ್ತವೆ. ಅಲ್ಲಿಗೆ ವಿಮರ್ಶೆ ಮುಗಿಯಿತು.

ಮೂರು ಸ್ಟಾರ್ ಎಂದರೆ ಏನು? ಬಂದೂಕು ಹಿಡಿದ ಹೀರೊನ ಸಿನಿಮಾಕ್ಕೂ ಮೂರು, ಪಿಯು ಹುಡುಗ ಹುಡುಗಿಯ ಸಂಕಟ ಹೇಳುವ ಸಿನಿಮಾಕ್ಕೂ ಮೂರು. ನನ್ನಂಥ ಪಿ.ಜಿ. ವಾಸಿಗೆ ಈ ಲೆಕ್ಕ ತಮಾಷೆಯದಲ್ಲ. ಮಲ್ಟಿಪ್ಲೆಕ್ಸ್ ಟಿಕೆಟ್, ಹೋಗಿಬರುವ ಖರ್ಚು, ಜತೆಗೆ ಪಾಪ್‌ಕಾರ್ನ್ ಆಸೆ ಬೇರೆ. ಎಲ್ಲ ಸೇರಿದರೆ ವಾರದ ಊಟದ ದುಡ್ಡು. ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು ನಮ್ಮ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ನಿಯಮ ತಂದಾಗ ಕ್ಯಾಂಪಸ್ಸಿನಲ್ಲಿ ಖುಷಿಪಟ್ಟವರು ಎಷ್ಟೋ ಮಂದಿ. ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ತಿಂಗಳಿಗೆ ಒಂದೇ ಸಿನಿಮಾ ನೋಡಬಲ್ಲವರಿಗೆ ಯಾವುದು ಎಂಬುದು ದೊಡ್ಡ ಪ್ರಶ್ನೆಯೇ. ಹಾಗಾಗಿ ತೀರ್ಪು ಬೇಡ ಎನ್ನುವವಳು ನಾನಲ್ಲ. ತೀರ್ಪಿನ ಜತೆ ಕಾರಣವೂ ಬೇಕು ಎನ್ನುವವಳು. ಬೇರೆಯವರಿಗೆ ಹೇಳುವ ಮೊದಲು ನಾನೇ ಪ್ರಯತ್ನಿಸುತ್ತೇನೆ. ಈಚಿನ ವರ್ಷಗಳಲ್ಲಿ ನಾವೆಲ್ಲ ಚರ್ಚಿಸಿದ ಕೆಲವು ಕನ್ನಡ ಸಿನಿಮಾಗಳ ಬಗ್ಗೆ, ಒಂದೂ ಸ್ಟಾರ್ ಹಾಕದೆ.

‘ಕೆಜಿಎಫ್ ಚಾಪ್ಟರ್ 2’ (2022) ಕಣ್ಣು ಕಿವಿಗಳಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಪ್ರಶಾಂತ್ ನೀಲ್ ದೃಶ್ಯಗಳನ್ನು ಕತ್ತರಿಸಿ ಕತ್ತರಿಸಿ ಜೋಡಿಸುವ ರೀತಿಗೆ ಉಸಿರು ಬಿಗಿಹಿಡಿದು ಕೂರಬೇಕು. ಅದನ್ನು ಎಡಿಟ್ ಮಾಡಿದ ಉಜ್ವಲ್ ಕುಲಕರ್ಣಿ ಆಗಿನ್ನೂ ಇಪ್ಪತ್ತರ ಆಸುಪಾಸಿನ ಕಲಬುರಗಿಯ ಹುಡುಗ. ಫ್ಯಾನ್ ಎಡಿಟ್ ಮಾಡಿಕೊಂಡಿದ್ದವನು ಅಷ್ಟು ದೊಡ್ಡ ಸಿನಿಮಾದ ಸಂಕಲನದ ಕುರ್ಚಿಯಲ್ಲಿ ಕೂತದ್ದು ನಮ್ಮ ವಯಸ್ಸಿನವರಿಗೆಲ್ಲ ಹೆಮ್ಮೆ. ಆದರೆ ಅದೇ ಸಿನಿಮಾದಲ್ಲಿ ರೀನಾಳನ್ನು ಅವಳ ಒಪ್ಪಿಗೆ ಕೇಳದೆ ಚಿನ್ನದ ಗಣಿಗೆ ಕರೆತರುತ್ತಾರೆ. ಆಮೇಲೆ ಅವಳಿಗೆ ಪ್ರೀತಿಯೂ ಹುಟ್ಟುತ್ತದೆ. ಹೇಗೆ ಹುಟ್ಟಿತು ಎಂದು ಹೇಳಲು ಅಷ್ಟು ಉದ್ದದ ಸಿನಿಮಾದಲ್ಲಿ ಜಾಗ ಸಿಗಲಿಲ್ಲ. ಎಡಿಟಿಂಗ್ ನೋಡಲು ಹೋಗಿ. ಪ್ರೀತಿ ಹೇಗೆ ಮಾಡಬೇಕೆಂದು ಕಲಿಯಲು ಹೋಗಬೇಡಿ.

‘ಕಾಂತಾರ’ದ (2022) ಕೊನೆಯ ಇಪ್ಪತ್ತು ನಿಮಿಷ ನೋಡಿ ಮೈ ಜುಮ್ಮೆನ್ನದವರು ಕಡಿಮೆ. ರಿಷಬ್ ಶೆಟ್ಟಿ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಾಗ ಅಚ್ಚರಿ ಆಗಲಿಲ್ಲ. ನನ್ನ ತಕರಾರು ಲೀಲಾಳ ಬಗ್ಗೆ. ಅವಳು ಫಾರೆಸ್ಟ್ ಗಾರ್ಡ್. ತನ್ನದೇ ಊರಿನ ಜನರ ವಿರುದ್ಧ ಇಲಾಖೆಯ ಬೇಲಿ ಹಾಕುವ ಕೆಲಸಕ್ಕೆ ನಿಲ್ಲಬೇಕಾದವಳು. ಒಂದು ಕಡೆ ಸಂಬಳ, ಇನ್ನೊಂದು ಕಡೆ ಸಂಬಂಧ. ಇಡೀ ಸಿನಿಮಾದಲ್ಲಿ ಇದಕ್ಕಿಂತ ಕಷ್ಟದ ಜಾಗದಲ್ಲಿ ನಿಂತವರು ಯಾರು? ಸಿನಿಮಾ ಅದನ್ನು ಮುಟ್ಟಿ ಬಿಟ್ಟುಬಿಡುತ್ತದೆ. ಬದಲಿಗೆ ನಾಯಕ ಅವಳ ಸೊಂಟ ಚಿವುಟುತ್ತಾನೆ, ಥಿಯೇಟರ್ ನಗುತ್ತದೆ. ಸಿಟಿ ಬಸ್ಸಿನಲ್ಲಿ ಅದೇ ಕೆಲಸ ಮಾಡಿದವನಿಗೆ ನಾವು ಸೇಫ್ಟಿ ಪಿನ್ ಚುಚ್ಚುತ್ತೇವೆ. ಕ್ಲೈಮ್ಯಾಕ್ಸ್ ಚೆನ್ನಾಗಿದೆ ಎಂಬ ಕಾರಣಕ್ಕೆ ಸೊಂಟದ ಮಾತು ಎತ್ತಬಾರದು ಎನ್ನುವುದು ನ್ಯಾಯವಲ್ಲ. ಒಂದೇ ಸಿನಿಮಾ ಒಂದು ಕಡೆ ಗೆದ್ದು ಇನ್ನೊಂದು ಕಡೆ ಸೋಲಬಹುದು. ಸ್ಟಾರ್ ಲೆಕ್ಕದಲ್ಲಿ ಇದನ್ನು ಹೇಳುವುದಕ್ಕೇ ಆಗುವುದಿಲ್ಲ.

‘ಸಪ್ತ ಸಾಗರದಾಚೆ ಎಲ್ಲೋ’ (2023) ವಿಷಯಕ್ಕೆ ನಮ್ಮ ರೂಮಿನಲ್ಲಿ ಜಗಳವೇ ಆಗಿದೆ. ಸೈಡ್ ಎ ನನಗೆ ಈ ಕಾಲದ ಅತ್ಯುತ್ತಮ ಪ್ರೇಮಕಥೆ. ಮನು ಕಾರು ಓಡಿಸುವವನು. ಅವನಿಗೂ ಪ್ರಿಯಾಳಿಗೂ ಬೇಕಿದ್ದದ್ದು ಒಂದು ಸ್ವಂತ ಮನೆ, ಅಷ್ಟೆ. ಅದಕ್ಕಾಗಿ ಸಾಹುಕಾರರ ಮನೆಯ ತಪ್ಪನ್ನು ತನ್ನ ಮೇಲೆ ಹೊತ್ತು ಜೈಲಿಗೆ ಹೋಗುತ್ತಾನೆ. ದುಡ್ಡಿಲ್ಲದವರ ಕನಸಿಗೆ ಯಾರು ಎಷ್ಟು ಬೆಲೆ ಕಟ್ಟುತ್ತಾರೆ ಎಂಬುದನ್ನು ಹೇಮಂತ್ ಎಂ. ರಾವ್ ಒಂದೂ ಭಾಷಣವಿಲ್ಲದೆ ತೋರಿಸಿದರು. ಮಾತಿಲ್ಲದ ಕಡೆ ಚರಣ್ ರಾಜ್ ಸಂಗೀತ ಮಾತಾಡಿತು. ಸೈಡ್ ಬಿ ಬಗ್ಗೆ ಮಾತ್ರ ನನ್ನ ಮನಸ್ಸು ಒಪ್ಪಲಿಲ್ಲ. ಜೈಲಿನಿಂದ ಬಂದ ಮನು, ಮದುವೆಯಾಗಿರುವ ಪ್ರಿಯಾಳನ್ನು ಅವಳಿಗೆ ತಿಳಿಯದಂತೆ ಹಿಂಬಾಲಿಸುತ್ತಾನೆ, ಅವಳ ಬದುಕನ್ನು ಸರಿಪಡಿಸಲು ಹೊರಡುತ್ತಾನೆ. ‘ಎಂಥ ಪ್ರೀತಿ!’ ಎಂದು ಕಣ್ಣೀರು ಹಾಕಿದ ಗೆಳತಿಗೆ ಒಂದೇ ಪ್ರಶ್ನೆ ಕೇಳಿದೆ: ‘ನಿನ್ನ ಹಳೇ ಹುಡುಗ ಹೀಗೆ ಮಾಡಿದ್ರೆ?’ ಅವಳು ‘ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ’ ಅಂದಳು. ರಕ್ಷಿತ್ ಶೆಟ್ಟಿ ಅಭಿನಯ ಎಷ್ಟೇ ತೂಕದ್ದಿದ್ದರೂ ಸಿನಿಮಾ ಈ ಪ್ರಶ್ನೆ ಕೇಳಿಕೊಂಡಿದ್ದು ಸಾಲದು. ಚೈತ್ರಾ ಆಚಾರ್ ಮಾಡಿದ ಸುರಭಿ ಪಾತ್ರ ಮಾತ್ರ ಎರಡನೇ ಭಾಗದಲ್ಲಿ ನಿಜವಾಗಿ ಉಸಿರಾಡುತ್ತದೆ.

ದೊಡ್ಡ ಗಲಾಟೆಯಿಲ್ಲದೆ ಬಂದವುಗಳಲ್ಲಿ ನನ್ನ ಮೊದಲ ಆಯ್ಕೆ ‘ಡೇರ್‌ಡೆವಿಲ್ ಮುಸ್ತಾಫಾ’ (2023). ಪೂರ್ಣಚಂದ್ರ ತೇಜಸ್ವಿ ಅವರ ಸಣ್ಣಕತೆ, ದುಡ್ಡು ಹಾಕಿದ್ದು ತೇಜಸ್ವಿ ಓದುಗರೇ. ಹಿಂದೂ ಹುಡುಗರೇ ತುಂಬಿದ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬಂದಾಗ ಏನೆಲ್ಲ ಆಗುತ್ತದೆ ಎಂಬುದನ್ನು ನಗಿಸುತ್ತಲೇ ಹೇಳುತ್ತದೆ. ಕ್ರಿಕೆಟ್ ಪಂದ್ಯವನ್ನು ಸ್ವಲ್ಪ ಎಳೆದಿದ್ದಾರೆ ನಿಜ. ಆದರೆ ಕಾಲೇಜು ಕಾರಿಡಾರಿನಲ್ಲಿ ಬಟ್ಟೆ, ಊಟ, ಹೆಸರು ನೋಡಿ ಗುಂಪು ಕಟ್ಟುವುದನ್ನು ಕಂಡ ನಮಗೆ ಆ ನಗು ಬೇಕಿತ್ತು.

ಪೃಥ್ವಿ ಕೊಣನೂರು ಅವರ ‘ಹದಿನೇಳೆಂಟು’ ಅದಕ್ಕೆ ಪೂರ್ತಿ ಉಲ್ಟಾ. ನಗುವೂ ಇಲ್ಲ, ಹಾಡೂ ಇಲ್ಲ. 2022ರ ಗೋವಾ ಚಿತ್ರೋತ್ಸವದಲ್ಲಿ ಇಂಡಿಯನ್ ಪನೋರಮಾ ವಿಭಾಗದ ಉದ್ಘಾಟನಾ ಚಿತ್ರವಾಗಿತ್ತು, ನಮ್ಮ ಥಿಯೇಟರಿಗೆ ಬಂದದ್ದು 2024ರಲ್ಲಿ. ಪಿಯು ವಿದ್ಯಾರ್ಥಿಗಳಿಬ್ಬರ ಖಾಸಗಿ ವಿಡಿಯೊ ಹೊರಬೀಳುತ್ತದೆ. ಆಮೇಲೆ ಪ್ರಿನ್ಸಿಪಾಲ್, ಆಡಳಿತ ಮಂಡಳಿ, ಅಪ್ಪ ಅಮ್ಮ, ಜಾತಿ ಎಲ್ಲ ಒಂದೊಂದಾಗಿ ಮೇಜಿನ ಸುತ್ತ ಬಂದು ಕೂರುತ್ತವೆ. ಖಳನಾಯಕ ಇವನೇ ಎಂದು ಬೆರಳು ತೋರಿಸಲು ಯಾರೂ ಸಿಗುವುದಿಲ್ಲ. ತಪ್ಪು ಇಬ್ಬರದ್ದಾದರೂ ಶಿಕ್ಷೆ ಇಬ್ಬರಿಗೂ ಒಂದೇ ತೂಕದ್ದಲ್ಲ ಎಂಬುದು ನಿಧಾನಕ್ಕೆ ಅರ್ಥವಾಗುತ್ತದೆ. ಪ್ರತಿ ಕಾಲೇಜಿನಲ್ಲೂ ಒಂದು ಮಧ್ಯಾಹ್ನ ತೋರಿಸಬೇಕಾದ ಸಿನಿಮಾ ಇದು. ನನ್ನ ಕ್ಲಾಸಿನಲ್ಲಿ ಹೆಚ್ಚಿನವರಿಗೆ ಹೆಸರೇ ಗೊತ್ತಿಲ್ಲ.

ಇದೇ ಸಾಲಿನಲ್ಲಿ ‘ಶಾಖಾಹಾರಿ’ಯನ್ನೂ (2024) ಸೇರಿಸಬೇಕು. ವರ್ಷಗಟ್ಟಲೆ ಕಾಮಿಡಿ ಪಾತ್ರಗಳಲ್ಲಿ ನೋಡಿದ ರಂಗಾಯಣ ರಘು ಮಲೆನಾಡಿನ ಒಂದು ಪುಟ್ಟ ಹೋಟೆಲಿನೊಳಗೆ ಸದ್ದಿಲ್ಲದೆ ನಮ್ಮನ್ನು ಹೆದರಿಸುತ್ತಾರೆ. ಇಂಥ ಸಿನಿಮಾ ನಮ್ಮ ಊರಿನ ಥಿಯೇಟರಿನಲ್ಲಿ ಸೋಮವಾರದವರೆಗೆ ಉಳಿದರೆ ಪುಣ್ಯ. ಶುಕ್ರವಾರ ಜನ ಬರಲಿಲ್ಲ ಎಂದು ಶನಿವಾರ ಶೋ ಕಡಿಮೆ. ಶೋ ಕಡಿಮೆ ಎಂದು ಭಾನುವಾರ ಜನರೂ ಕಡಿಮೆ. ‘ಓಟಿಟಿಗೆ ಬಂದ್ಮೇಲೆ ನೋಡಿದ್ರಾಯ್ತು’ ಎನ್ನುವ ನಾವೇ ಆಮೇಲೆ ‘ಕನ್ನಡದಲ್ಲಿ ಒಳ್ಳೆ ಸಿನಿಮಾ ಬರಲ್ಲ’ ಎಂದು ಗೊಣಗುತ್ತೇವೆ.

ಬಾಯಿಮಾತಿಗೆ ಎಷ್ಟು ಶಕ್ತಿಯಿದೆ ಎಂಬುದಕ್ಕೆ ‘ಸು ಫ್ರಮ್ ಸೋ’ (2025) ಸಾಕ್ಷಿ. ದೊಡ್ಡ ಹೀರೊ ಇಲ್ಲದ, ಕರಾವಳಿಯ ಒಂದು ಊರಿನ ದೆವ್ವದ ಕತೆಗೆ ನೋಡಿದವರೇ ಪ್ರಚಾರಕರಾದರು, ಶೋಗಳು ಏರಿದವು. ಜೆ.ಪಿ. ತುಮಿನಾಡು ಊರವರನ್ನೆಲ್ಲ ಹೀರೊ ಮಾಡಿದ್ದಾರೆ. ರವಿಯಣ್ಣನಂಥವರು ಎಲ್ಲರ ಕೇರಿಯಲ್ಲೂ ಇದ್ದಾರೆ. ಕೆಲವು ಜೋಕುಗಳು ಮತ್ತೆ ಮತ್ತೆ ಬಂದು ಸವೆಯುತ್ತವೆ. ಒಬ್ಬ ಹೆಣ್ಣಿನ ನಿಜವಾದ ಸಂಕಟಕ್ಕೆ ಕತೆ ತಿರುಗುವಾಗ ಅವಳ ಬಾಯಿಂದಲೇ ಇನ್ನಷ್ಟು ಕೇಳಬೇಕಿತ್ತು ಎನಿಸಿತು. ಆದರೂ ಥಿಯೇಟರ್ ಪೂರ್ತಿ ಒಟ್ಟಿಗೆ ನಕ್ಕ ಆ ಸುಖ ಮೊಬೈಲಿನಲ್ಲಿ ಸಿಗುವುದಿಲ್ಲ.

ಬಾಯಿಮಾತು ಎತ್ತಬಲ್ಲದು, ಕೆಡವಲೂಬಲ್ಲದು. ಅದಕ್ಕೇ ಸಿನಿಮಾ ಮಂದಿಗೆ ವಿಮರ್ಶೆ ಎಂದರೆ ಭಯ. ಬಿಡುಗಡೆಯ ಮೊದಲ ಮೂರು ದಿನ ಆನ್‌ಲೈನ್ ವಿಮರ್ಶೆಯನ್ನೇ ನಿಷೇಧಿಸಿ ಎಂದು ತಮಿಳು ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋಗಿದ್ದರು. 2025ರ ಜೂನ್‌ನಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ. ಒಳ್ಳೆಯದಾಯಿತು. ದುಡ್ಡು ಕೊಟ್ಟವರಿಗೆ ಮಾತಾಡುವ ಹಕ್ಕಿದೆ. ಆದರೆ ಸಿನಿಮಾ ನೋಡದೆಯೇ ಎದುರು ಹೀರೊ ಮೇಲಿನ ಸಿಟ್ಟಿಗೆ ಒಂದು ಸ್ಟಾರ್ ಒತ್ತುವುದು, ನಮ್ಮ ಬಾಸ್ ಎಂದು ಹತ್ತಕ್ಕೆ ಹತ್ತು ಕೊಡುವುದು ಆ ಹಕ್ಕಿನ ಲೆಕ್ಕಕ್ಕೆ ಬರುವುದಿಲ್ಲ. ನೂರಾರು ಜನರ ವರ್ಷಗಳ ದುಡಿಮೆಯನ್ನು ನಾವು ಒಂದು ಬೆರಳಲ್ಲಿ ಅಳೆಯುತ್ತಿದ್ದೇವೆ.

ನನ್ನ ಮೇಲಿನ ತೀರ್ಪುಗಳನ್ನು ನೀವು ಒಪ್ಪಬೇಕಿಲ್ಲ. ಸೈಡ್ ಬಿ ಮೆಚ್ಚಿದವರು ನನ್ನ ಜತೆ ಜಗಳಕ್ಕೆ ಬರಬಹುದು, ಸ್ವಾಗತ. ಕಾರಣ ಹೇಳಿದ್ದಕ್ಕೇ ತಾನೇ ಜಗಳ ಸಾಧ್ಯವಾಗಿದ್ದು? ‘ಮೂರೂವರೆ’ ಎಂದಿದ್ದರೆ ನೀವು ‘ನಾಲ್ಕು’ ಅನ್ನುತ್ತಿದ್ದಿರಿ, ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಶುಕ್ರವಾರ ಥಿಯೇಟರಿನಿಂದ ಹೊರಬಂದಾಗ ಯಾರಾದರೂ ‘ಹೆಂಗಿದೆ?’ ಎಂದು ಕೇಳಿದರೆ ಇಷ್ಟವಾದ ಒಂದು ದೃಶ್ಯ, ಸಿಟ್ಟು ಬರಿಸಿದ ಒಂದು ದೃಶ್ಯ ಹೇಳಿ. ಚಿಕ್ಕ ಸಿನಿಮಾ ಆಗಿದ್ದರೆ ಸೋಮವಾರಕ್ಕೆ ಕಾಯದೆ ಅವತ್ತೇ ಹೇಳಿ.