ಮದುಮಗನ ಕೋಟಿಗೂ ನಮ್ಮ ಖಣ, ನಮ್ಮ ಕಸೂತಿ ಇರಲಿ

ನಮ್ಮ ಕಡೆ ಮದುವೆಗಳಲ್ಲಿ ಮದುಮಗಳು ಇಳಕಲ್ ಸೀರೆ ಉಟ್ಟು, ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟು ನಿಂತಿರುತ್ತಾಳೆ. ನೋಡಿದ ಕೂಡಲೇ ಯಾವ ಸೀಮೆಯವಳೆಂದು ತಿಳಿಯುತ್ತದೆ. ಪಕ್ಕದಲ್ಲಿ ಮದುಮಗ? ಪೇಟೆಯಿಂದ ತಂದ ಬಾಡಿಗೆ ಶೇರ್ವಾನಿ, ಹಿಂದೆ ನಾಲ್ಕು ಸೇಫ್ಟಿ ಪಿನ್ನು. ಊರ ಟೇಲರ್ ಅಣ್ಣನಿಗೆ ಉಳಿಯುವುದು ಪ್ಯಾಂಟು ಗಿಡ್ಡ ಮಾಡುವ ಕೆಲಸ.

ಊರಲ್ಲೇ ಅಳತೆ ಕೊಟ್ಟು ಜೋಧಪುರಿ ಕೋಟು ಹೊಲಿಸಿ ಎಂಬುದು ನಮ್ಮ ಮಾತು. ಬಟ್ಟೆ ಸಾದಾ ಬಣ್ಣದ್ದಿರಲಿ. ಒಳಗಿನ ಲೈನಿಂಗಿಗೆ, ಎದೆ ಜೇಬಿನ ಅಂಚಿಗೆ ಖಣ ಹಚ್ಚಿಸಿ. ಖಣ ಕುಪ್ಪಸಕ್ಕೆಂದೇ ನೇಯ್ದದ್ದು, ಪನ್ನ ಕಡಿಮೆ. ಎಷ್ಟು ಬೇಕೆಂದು ಟೇಲರ್ ಹತ್ತಿರ ಕೇಳಿಕೊಂಡೇ ಕೊಳ್ಳಿ. ಕತ್ತರಿಸುವ ಮೊದಲು ತುಂಡೊಂದನ್ನು ನೀರಲ್ಲಿ ನೆನೆಸಿ ನೋಡಿ, ಬಣ್ಣ ಬಿಟ್ಟರೆ ಕೋಟೇ ಹಾಳು. ಇಡೀ ಕೋಟನ್ನೇ ಖಣದಲ್ಲಿ ಹೊಲಿಸುವವರೂ ಇದ್ದಾರೆ. ನಮಗಂತೂ ಅದು ನಾಟಕದ ವೇಷದಂತೆ ಕಾಣುತ್ತದೆ.

ಕಸೂತಿಯ ವಿಷಯದಲ್ಲಿ ಮಾತ್ರ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕಾಲರಿನ ಮೇಲೆ ಒಂದು ಸಾಲು ಗೋಪುರವೋ ತೇರೋ ಇದ್ದರೆ ಸಾಕು, ಕೋಟಿನ ಕಳೆಯೇ ಬೇರೆ. ಆದರೆ ಅಂಗಡಿಗಳಲ್ಲಿ ಕಸೂತಿ ಎಂದು ಮಾರುವುದರಲ್ಲಿ ಮಷೀನಿನ ಕೆಲಸವೂ ಇದೆ, ಬರೀ ಪ್ರಿಂಟೂ ಇದೆ. ಕೈ ಕಸೂತಿಯನ್ನು ಬಟ್ಟೆಯ ಎಳೆ ಎಣಿಸಿ, ಗಂಟು ಹಾಕದೆ ಹೊಲಿಯುತ್ತಾರೆ. ಗವಂತಿ, ಮುರಗಿ ಹೊಲಿಗೆಯಾದರೆ ಎರಡೂ ಬದಿ ಒಂದೇ ತರಹ ಕಾಣುತ್ತದೆ. ಕಾಲರಿಗೆ ಕೂಡಿಸುವ ಮೊದಲೇ ತಿರುಗಿಸಿ ನೋಡಿ. ಕೂಡಿಸಿದ ಮೇಲೆ ಹಿಂಬದಿ ಒಳಗೆ ಹೋಗಿಬಿಡುತ್ತದೆ, ಮೋಸವೂ ಅದರ ಜೊತೆ.

ಸೂಟಿನ ಬಟ್ಟೆಯಲ್ಲಿ ಎಳೆ ಎಣಿಸಲು ಆಗುವುದಿಲ್ಲ. ಅದಕ್ಕೆ ಮೇಲೊಂದು ಜಾಲರಿ ಬಟ್ಟೆ ಇಟ್ಟು ಹೊಲಿದು, ಆಮೇಲೆ ಅದರ ಎಳೆ ಒಂದೊಂದಾಗಿ ಎಳೆದು ತೆಗೆಯುತ್ತಾರೆ. ಕಣ್ಣು ಕೆಡಿಸಿಕೊಂಡು ಮಾಡುವ ಈ ಕೆಲಸಕ್ಕೆ 'ಇಷ್ಟು ಸಣ್ಣ ಪಟ್ಟಿಗೆ ಇಷ್ಟು ರೊಕ್ಕವೇ?' ಎಂದು ಚೌಕಾಸಿಗೆ ಇಳಿಯುತ್ತೇವೆ. ಬ್ಯಾಂಡಿನವರಿಗೆ, ಡ್ರೋನ್ ಕ್ಯಾಮೆರಾದವರಿಗೆ ಕೇಳಿದಷ್ಟು ಕೊಡುತ್ತೇವಲ್ಲ! ಕಸೂತಿಗೂ ಇಳಕಲ್ ಸೀರೆಗೂ ಗುಳೇದಗುಡ್ಡ ಖಣಕ್ಕೂ ಜಿಐ ಟ್ಯಾಗ್ ಇದೆ. ಟ್ಯಾಗ್ ಇದ್ದರೇನು, ಸೂಜಿ ಹಿಡಿದ ಅಕ್ಕನಿಗೆ ಕೂಲಿ ಗಿಟ್ಟದಿದ್ದರೆ ಅವಳ ಮಗಳು ಸೂಜಿ ಮುಟ್ಟುವುದಿಲ್ಲ.

ಬೇಸಿಗೆ ಸೆಕೆಯಲ್ಲಿ ಕೋಟು ಯಾರು ಹಾಕುತ್ತಾರೆ ಎನ್ನುವಿರಾದರೆ ತೋಳಿಲ್ಲದ ಜಾಕೆಟ್ ಹೊಲಿಸಿ. ಹಬ್ಬಕ್ಕೂ ಜಾತ್ರೆಗೂ ಬರುತ್ತದೆ. ಯಾವುದೇ ಆಗಲಿ, ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲೇ ಅಳತೆ ಕೊಡಿ. ಎಳೆ ಎಣಿಸುವವರನ್ನು ಅರಿಷಿಣದ ಹಿಂದಿನ ದಿನ ಅವಸರ ಮಾಡಿದರೆ ಆಗದು.