ಮೊದಲೇ ಆಡಿಡಬೇಕಾದ ಮಾತು

2016ನೆಯ ಇಸವಿ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ಯುವಕರು ಊರಿನಿಂದ ಬೆಂಗಳೂರಿಗೆ ಮೋಟಾರು ಸೈಕಲ್ಲಿನಲ್ಲಿ ಮರಳುತ್ತಿದ್ದಾಗ, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ಅವರ ದೇಹ ಎರಡು ತುಂಡಾಯಿತು. ಆ ಸ್ಥಿತಿಯಲ್ಲಿಯೂ ಅವರು ಆಡಿದ ಮಾತು, ತಮ್ಮ ಅಂಗಗಳನ್ನು ದಾನಮಾಡಿರೆಂಬುದು. ತಲೆಯಲ್ಲಿ ಹೆಲ್ಮೆಟ್ಟಿದ್ದುದರಿಂದ ಕಣ್ಣುಗಳು ಕೆಡದೆ ಉಳಿದಿದ್ದವು. ಅವು ದಾನವಾಗಿ ಸಂದವು. ಅಪಘಾತಕ್ಕೀಡಾದವರ ತುರ್ತು ಚಿಕಿತ್ಸೆಗೆ ಅದೇ ವರ್ಷ ಬಂದ ಸರ್ಕಾರದ ಯೋಜನೆಗೆ ಅವರ ಹೆಸರನ್ನೇ ಇಡಲಾಯಿತು.

ಹರೀಶರ ಧೈರ್ಯವನ್ನು ಹೊಗಳದವರಿಲ್ಲ. ಆದರೆ ನಮ್ಮ ಮನಸ್ಸನ್ನು ಕೊರೆಯುವುದು ಬೇರೊಂದು ವಿಚಾರ. ಅವರು ಆ ಮಾತನ್ನಾಡದೆ ಇದ್ದಿದ್ದರೆ, ದುಃಖದಲ್ಲಿ ಮುಳುಗಿದ ಮನೆಯವರಿಗೆ ಅದು ತಾನಾಗಿ ಹೊಳೆಯುತ್ತಿತ್ತೆ? ಅದೇ ತಾಲ್ಲೂಕಿನ ಸಿ.ಎಸ್. ಪುರದಲ್ಲಾಗಲಿ ನಾಡಿನ ಇನ್ನಾವ ಹಳ್ಳಿಯಲ್ಲಾಗಲಿ, ಸಾವಿನ ಮನೆಯಲ್ಲಿ ಯಾರಿಗೆ ಸುದ್ದಿ ಮುಟ್ಟಿಸಬೇಕು, ಹಾಲು-ತುಪ್ಪ ಎಂದು, ತಿಥಿ ಎಂದು, ಇವೆಲ್ಲ ತಪ್ಪದೆ ನೆನಪಾಗುತ್ತವೆ. ಕಣ್ಣಿನ ಮಾತೆತ್ತುವವರು ಇಲ್ಲ. ಎತ್ತಿದರೂ, ಕಣ್ಣು ಕಿತ್ತುಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಬೇಕೆಂದು ಹಿರಿಯರೊಬ್ಬರು ತಡೆಯುವರು. ಚಿತೆಯಲ್ಲಿ ಸುಟ್ಟ ಕಣ್ಣು ಮುಂದಿನ ಜನ್ಮಕ್ಕೆ ಹೇಗೆ ಒದಗುವುದೋ ನಾವರಿಯೆವು!

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಪಾರದರ್ಶಕ ಪಟಲವೇ ಕಾರ್ನಿಯಾ. ಇದರ ದಪ್ಪ ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರು. ಇದರೊಳಗೆ ರಕ್ತನಾಳಗಳಿಲ್ಲ, ಬೇಕಾದ ಆಮ್ಲಜನಕದ ಬಹುಭಾಗವನ್ನು ಇದು ಕಣ್ಣೀರಿನ ಮೂಲಕ ಗಾಳಿಯಿಂದಲೇ ಪಡೆಯುತ್ತದೆ. ಹೃದಯ, ಯಕೃತ್ತುಗಳಾದರೆ ರಕ್ತ ನಿಂತೊಡನೆ ಕೆಡತೊಡಗುತ್ತವೆ. ಆದುದರಿಂದ ಮಿದುಳು ಸತ್ತು ಯಂತ್ರದಿಂದ ಉಸಿರಾಟ ನಡೆಯುತ್ತಿರುವಾಗ, ಆಸ್ಪತ್ರೆಯಲ್ಲಿಯೇ ಅವನ್ನು ತೆಗೆಯುವುದು ವಾಡಿಕೆ. ಕಾರ್ನಿಯಾಕ್ಕೆ ಆ ತೊಡಕಿಲ್ಲ. ಮನೆಯಲ್ಲಿ ಸತ್ತವರಿಂದಲೂ ಆರು ಗಂಟೆಗಳೊಳಗೆ ಅದನ್ನು ತೆಗೆಯಬಹುದು. 1905ರಲ್ಲಿ ಎಡ್ವರ್ಡ್ ಜಿರ್ಮ್ ಎಂಬ ವೈದ್ಯನು ಇದನ್ನು ಮೊದಲ ಬಾರಿಗೆ ಯಶಸ್ವಿಯಾಗಿ ಕಸಿಮಾಡಿದನು. ಈಗ ಪದರಗಳನ್ನು ಬೇರ್ಪಡಿಸುವ ವಿದ್ಯೆಯೂ ಕೈವಶವಾಗಿದೆ. 2021ರಲ್ಲಿ ನಟ ಪುನೀತ್ ರಾಜಕುಮಾರರು ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದುದು ಹೀಗೆ. ಕನ್ನಡಕ ಹಾಕುವವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು ಸಹ ದಾನಿಗಳಾಗಬಹುದು.

ಪ್ರತಿಜ್ಞಾಪತ್ರಕ್ಕೆ ರುಜು ಹಾಕಿದರೆ ಸಾಕೆಂದು ಹಲವರು ತಿಳಿದಿದ್ದಾರೆ. ಸಾಲದು. ಸತ್ತವರು ಫೋನು ಮಾಡಿ ನೇತ್ರಭಂಡಾರದವರನ್ನು ಕರೆಸಲಾರರಷ್ಟೆ! ಮನೆಯವರು ಒಪ್ಪದಿದ್ದರೆ ಬಂದವರು ಬರಿಗೈಯಲ್ಲಿ ಹಿಂದಿರುಗುವರು. ಹೊಸ ದುಃಖದ ಹೊತ್ತಿನಲ್ಲಿ ಇಂಥ ತೀರ್ಮಾನವನ್ನು ಅವರ ತಲೆಯ ಮೇಲೆ ಹೊರಿಸುವುದು ನಿರ್ದಯವೆಂದೇ ನಮ್ಮ ಅಭಿಪ್ರಾಯ. ಇಚ್ಛೆಯೇನೆಂಬುದು ಮೊದಲೇ ತಿಳಿದಿದ್ದರೆ ಅವರು ನಿರ್ಧರಿಸಬೇಕಾದುದಿಲ್ಲ, ನಡೆಸಿಕೊಟ್ಟರಾಯಿತು.

ಕೊನೆಗಾಲದ ಚಿಕಿತ್ಸೆಯ ಮಾತೂ ಇಂಥದೇ. ಚೇತರಿಸಿಕೊಳ್ಳುವ ಆಸೆಯಿಲ್ಲದಾಗ ಯಂತ್ರಗಳಿಂದ ಜೀವವನ್ನು ಎಳೆದಾಡಿಸಬೇಡಿರೆಂದು ಮುಂಚಿತವಾಗಿ ಬರೆದಿಡುವ ಪತ್ರಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಮನ್ನಣೆ ನೀಡಿತು. 2023ರಲ್ಲಿ ಕ್ರಮವನ್ನು ಸುಲಭಗೊಳಿಸಿತು. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಇಷ್ಟಿದ್ದರಾಯಿತು.

ಹದಿನೆಂಟು ತುಂಬದ ವಿದ್ಯಾರ್ಥಿಗಳು ಇಂಥ ಪತ್ರ ಬರೆಯಲಾರರು. ಅಜ್ಜ ಅಜ್ಜಿಯರನ್ನು ಕೇಳಬಲ್ಲರು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಕೇಳಿದರೆ ಒಬ್ಬಿಬ್ಬರು ಗದರಬಹುದು, ಆಮೇಲೆ ಮಾತು ತಾನೇ ಮುಂದುವರಿಯುವುದು. ಬರೆದ ಪತ್ರವನ್ನು ಬೀರುವಿನೊಳಗೆ ಬೀಗ ಹಾಕಿ ಇಡಬಾರದು. ಪಡಿತರ ಚೀಟಿ, ಪಹಣಿಗಳಿರುವ ಕಡೆ, ಎಲ್ಲರ ಕೈಗೂ ಸಿಕ್ಕುವಂತೆ ಇಟ್ಟು, ಹತ್ತಿರದ ನೇತ್ರಭಂಡಾರದ ಫೋನು ಸಂಖ್ಯೆಯನ್ನೂ ಅದರ ಮೇಲೆಯೇ ಬರೆದಿರಬೇಕು. ಅವರು ಬರುವವರೆಗೆ ರೆಪ್ಪೆಗಳನ್ನು ಮುಚ್ಚಿ, ಒದ್ದೆ ಹತ್ತಿಯಿಟ್ಟು, ಫ್ಯಾನು ನಿಲ್ಲಿಸಿ, ತಲೆಯನ್ನು ದಿಂಬಿನ ಮೇಲೆ ತುಸು ಎತ್ತರಿಸಿರಬೇಕು.