ಕರ್ಪೂರದ ಪಾಠ, ಬಣ್ಣದ ಕಸುಬು

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ತಂದೆಯೊಡನೆ ಮನೆಗೆ ಬಂದಿದ್ದ. ಡಿಪ್ಲೊಮಾ ಮುಗಿಸಿದ್ದಾನೆ. ಕಾಫಿ ಮಗ್ಗುಗಳ ಮೇಲೆ, ಟೀ ಶರ್ಟುಗಳ ಮೇಲೆ ಫೋಟೊ ಮುದ್ರಿಸಿಕೊಡುವ ಅಂಗಡಿ ಹಾಕಬೇಕೆಂಬುದು ಅವನ ಆಸೆ. ಯಂತ್ರ ಮಾರುವವರು ಬರೆದುಕೊಟ್ಟ ಉದ್ದನೆಯ ಪಟ್ಟಿ ಕೈಯಲ್ಲಿತ್ತು. ‘ಮೇಷ್ಟ್ರೇ, ಸಾಲಕ್ಕೆ ಅರ್ಜಿ ಹಾಕೋಕೆ ಮುಂಚೆ ನೀವೊಂದ್ಸಲ ನೋಡಿ. ಇದರಲ್ಲಿರೋದೆಲ್ಲ ಬೇಕೇ ಬೇಕಾ?’ ಎಂದರು ತಂದೆ.

ಪಟ್ಟಿ ನೋಡುವ ಮೊದಲು ಹುಡುಗನನ್ನು ಕೇಳಿದೆ: ‘ದೇವರ ಮನೆಯಲ್ಲಿ ಮುಚ್ಚಳ ಹಾಕದೆ ಬಿಟ್ಟ ಕರ್ಪೂರ ಏನಾಗುತ್ತೆ?’

‘ಕರಗದೇನೇ ಆವಿಯಾಗಿ ಹೋಗುತ್ತೆ ಸಾರ್. ಉತ್ಪತನ.’

‘ನಿನ್ನ ಅಂಗಡಿ ನಿಲ್ಲೋದು ಅದೇ ಪಾಠದ ಮೇಲೆ’ ಎಂದೆ.

ಈ ಕಸುಬಿನ ಹೆಸರೇ ಡೈ ಸಬ್ಲಿಮೇಷನ್ ಮುದ್ರಣ, ಅಂದರೆ ಬಣ್ಣದ ಉತ್ಪತನ. ಇದರ ಶಾಯಿಯಲ್ಲಿ ಬಣ್ಣದ ಅತಿ ಸಣ್ಣ ಘನಕಣಗಳು ನೀರಿನಲ್ಲಿ ಹರಡಿಕೊಂಡಿರುತ್ತವೆ. ಮೊದಲು ಚಿತ್ರವನ್ನು ಇದಕ್ಕೆಂದೇ ತಯಾರಾದ ಕಾಗದದ ಮೇಲೆ ಮುದ್ರಿಸಬೇಕು. ಆ ಕಾಗದವನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿದರೆ ಬಣ್ಣ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಅದೇ ಶಾಖಕ್ಕೆ ಪಾಲಿಯೆಸ್ಟರ್ ಎಳೆಯ ಅಣುಸರಪಳಿಗಳು ಸಡಿಲಗೊಂಡಿರುತ್ತವೆ. ಅನಿಲ ಅವುಗಳ ನಡುವೆ ನುಸುಳುತ್ತದೆ. ತಣಿದ ಮೇಲೆ ಸರಪಳಿಗಳು ಬಿಗಿದುಕೊಂಡು ಬಣ್ಣ ಒಳಗೇ ಸೆರೆಯಾಗುತ್ತದೆ. ಒಗೆದರೂ ಹೋಗದಿರುವುದು ಇದಕ್ಕೇ.

ಇಷ್ಟು ಅರ್ಥವಾದರೆ ಕಸುಬಿನ ಮಿತಿಯೂ ತಾನಾಗಿ ತಿಳಿಯುತ್ತದೆ. ಹತ್ತಿಯ ಎಳೆ ಈ ಬಣ್ಣವನ್ನು ಹಿಡಿದಿಟ್ಟುಕೊಳ್ಳದು. ಪಿಂಗಾಣಿಯೂ ಅಷ್ಟೆ, ಆದ್ದರಿಂದ ಮೇಲೆ ಪಾಲಿಮರ್ ಲೇಪ ಹಚ್ಚಿದ ಮಗ್ಗುಗಳನ್ನೇ ಕೊಳ್ಳಬೇಕು. ಈ ಶಾಯಿಯಲ್ಲಿ ಬಿಳಿ ಬಣ್ಣವಿಲ್ಲ, ಬಟ್ಟೆಯ ಬಿಳುಪೇ ಚಿತ್ರದ ಬಿಳುಪು. ಹಾಗಾಗಿ ಕಪ್ಪು ಬಟ್ಟೆಯ ಮೇಲೆ ಚಿತ್ರ ಮೂಡದು. ನನಗೆ ಗೊತ್ತಿರುವ ಒಬ್ಬರು ಇದನ್ನು ಅರಿಯದೆ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಹತ್ತಿಯ ಟೀ ಶರ್ಟುಗಳನ್ನು ಮುದ್ರಿಸಿಕೊಟ್ಟರು. ಮೊದಲ ಒಗೆತಕ್ಕೇ ಚಿತ್ರ ಮಾಸಿತು. ಹಣ ಹಿಂದಿರುಗಿಸಬೇಕಾಯಿತು, ಹೋದ ಹೆಸರು ಮಾತ್ರ ಹಿಂದಿರುಗಲಿಲ್ಲ.

ಬಟ್ಟೆ ಯಾವುದೆಂದು ಸಂಶಯವಿದ್ದರೆ ಒಂದೆರಡು ಎಳೆ ಬಿಡಿಸಿ, ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಮಕ್ಕಳೇ, ಇದನ್ನು ದೊಡ್ಡವರು ಜೊತೆಯಲ್ಲಿದ್ದಾಗ ಮಾತ್ರ ಮಾಡಿ.

ಇನ್ನು ಸಲಕರಣೆಗೆ ಬರೋಣ. ಮೊದಲನೆಯದು ಪ್ರಿಂಟರ್. ಇಂಕ್‌ಜೆಟ್ ಪ್ರಿಂಟರುಗಳಲ್ಲಿ ಎರಡು ಬಗೆ. ಒಂದರಲ್ಲಿ ಶಾಯಿಯನ್ನು ಕಾಯಿಸಿ, ಗುಳ್ಳೆ ಎಬ್ಬಿಸಿ ಹನಿ ಚಿಮ್ಮಿಸುತ್ತಾರೆ. ಶಾಖಕ್ಕೇ ಬದಲಾಗುವ ನಮ್ಮ ಶಾಯಿಗೆ ಅದು ಸಲ್ಲದು. ಇನ್ನೊಂದು ಪೀಜೊ ಬಗೆಯದು. ಸ್ಫಟಿಕವನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ 1880ರಲ್ಲಿ ತೋರಿಸಿದರು. ಅದರ ತಿರುಗುಮುರುಗೇ ಇಲ್ಲಿನ ತತ್ವ: ವಿದ್ಯುತ್ತು ಕೊಟ್ಟರೆ ಪೀಜೊ ತುಣುಕು ಆಕಾರ ಬದಲಿಸಿ ಶಾಯಿಯನ್ನು ದೂಡುತ್ತದೆ. ನಮಗೆ ಬೇಕಾದದ್ದು ಇದು. ಸಬ್ಲಿಮೇಷನ್‌ಗೆಂದೇ ಬರುವ ಪ್ರಿಂಟರುಗಳಿವೆ. ಸಾಮಾನ್ಯ ಪ್ರಿಂಟರಿಗೆ ಈ ಶಾಯಿ ತುಂಬಿದರೆ ತಯಾರಕರ ಖಾತರಿ ತಪ್ಪಿಹೋಗಬಹುದು. ಪ್ರಿಂಟರನ್ನು ಬಹಳ ದಿನ ಸುಮ್ಮನೆ ಬಿಟ್ಟರೆ ಶಾಯಿ ಒಣಗಿ ರಂಧ್ರ ಕಟ್ಟಿಕೊಳ್ಳುತ್ತದೆ. ಗಿರಾಕಿ ಬರದ ದಿನವೂ ಒಂದು ಪುಟ್ಟ ಚಿತ್ರ ಮುದ್ರಿಸಿ.

ಎರಡನೆಯದು ಹೀಟ್ ಪ್ರೆಸ್. ಈ ಕಸುಬಿನ ಜೀವಾಳ ಇದೇ. ಪ್ರಿಂಟರಿಗೆ ಧಾರಾಳವಾಗಿ ಸುರಿದು, ಪ್ರೆಸ್ಸಿನಲ್ಲಿ ಉಳಿಸಲು ಹೋಗುವವರೇ ಹೆಚ್ಚು. ತಟ್ಟೆಯ ನಡುವೆ 200 ಡಿಗ್ರಿ ಇದ್ದು ಮೂಲೆಯಲ್ಲಿ 170 ಇದ್ದರೆ ಚಿತ್ರದ ಅಂಚು ಮಂಕಾಗುತ್ತದೆ. ಕೊಳ್ಳುವ ಮುಂಚೆ ನಡುವಿನ ಮತ್ತು ನಾಲ್ಕೂ ಮೂಲೆಯ ಶಾಖವನ್ನು ಅಳೆದು ತೋರಿಸಲು ಕೇಳಿ, ನಾಚಿಕೆ ಬೇಡ. ಬಟ್ಟೆಗೆ ಸಾಮಾನ್ಯವಾಗಿ 45ರಿಂದ 60 ಸೆಕೆಂಡು ಸಾಕು. ಮಗ್ಗಿಗೆ ಕೆಲವು ನಿಮಿಷ ಬೇಕು, ಪ್ರೆಸ್ಸೂ ಬೇರೆಯೇ.

ಉಳಿದದ್ದು ಸಣ್ಣ ಪುಟ್ಟದ್ದು: ಸಾಧಾರಣ ಕಂಪ್ಯೂಟರ್, ಸಬ್ಲಿಮೇಷನ್ ಕಾಗದ, ಶಾಖ ತಡೆಯುವ ಟೇಪು, ಬಣ್ಣ ಹರಡದಂತೆ ಮೇಲೆ ಹಾಸುವ ಹಾಳೆ, ದಪ್ಪ ಕೈಗವಸು, ಗಾಳಿ ಹೊರಹಾಕುವ ಫ್ಯಾನು. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸುವುದನ್ನು ಮರೆತರೆ ಗಿರಾಕಿಯ ಹೆಸರು ಉಲ್ಟಾ ಬರುತ್ತದೆ!

ಎಲ್ಲರೂ ಮರೆಯುವುದು ಕರೆಂಟಿನ ಲೆಕ್ಕ. ಪ್ರೆಸ್ಸು 1500 ವಾಟಿನದಾದರೆ, 230 ವೋಲ್ಟಿನಿಂದ ಭಾಗಿಸಿ: ಸುಮಾರು 6.5 ಆಂಪಿಯರ್. ಮನೆಯ 6 ಆಂಪಿಯರ್ ಪ್ಲಗ್ಗಿಗೆ ಇದು ಭಾರ. ಅರ್ತಿಂಗ್ ಸರಿಯಿರುವ 16 ಆಂಪಿಯರ್ ಪ್ಲಗ್ಗೇ ಬೇಕು. ಬಿಡದೆ 4 ಗಂಟೆ ಕಾದರೆ 6 ಯೂನಿಟ್. ಶಾಖ ತಲುಪಿದಾಗ ಪ್ರೆಸ್ಸು ತಾನೇ ನಿಂತು ನಿಂತು ಕಾಯುವುದರಿಂದ ಅಷ್ಟಾಗದು. ಆದರೂ ಮಗ್ಗಿನ ಬೆಲೆ ಕಟ್ಟುವಾಗ ಈ ಲೆಕ್ಕ ಸೇರಿರಬೇಕು, ಕೆಟ್ಟುಹೋದ ಮಗ್ಗುಗಳ ಲೆಕ್ಕವೂ ಸೇರಿರಬೇಕು.

ಅವನ ಪಟ್ಟಿಯಲ್ಲಿ ಟೋಪಿಯ ಪ್ರೆಸ್ಸು, ತಟ್ಟೆಯ ಪ್ರೆಸ್ಸು, ದೊಡ್ಡ ಅಗಲದ ಪ್ರಿಂಟರ್ ಎಲ್ಲ ಇದ್ದವು. ಮೂರನ್ನೂ ಹೊಡೆದುಹಾಕಿದೆವು. ಮೊದಲು ಒಂದು ಸಣ್ಣ ಪ್ರಿಂಟರ್, ಒಂದು ಚಪ್ಪಟೆ ಪ್ರೆಸ್ಸು. ಮಗ್ಗಿನ ಪ್ರೆಸ್ಸು ಬೇಡಿಕೆ ನೋಡಿಕೊಂಡು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ‘ಶಿಶು’ ವಿಭಾಗದಲ್ಲಿ 50,000 ರೂಪಾಯಿವರೆಗೆ ಸಾಲ ಸಿಗುತ್ತದೆ. ಹೆಚ್ಚು ಕೇಳುವ ಮೊದಲು ಅಷ್ಟರಲ್ಲಿ ಏನೇನಾಗುತ್ತದೆಂದು ಲೆಕ್ಕ ಹಾಕು ಎಂದೆ. ಅದಕ್ಕೂ ಮುಂಚೆ, ಈ ಕೆಲಸ ನಡೆಯುತ್ತಿರುವ ಅಂಗಡಿಯಲ್ಲಿ ಒಂದು ತಿಂಗಳು ಕೈಯಾಳಾಗಿ ನಿಲ್ಲಲು ಹೇಳಿದೆ.

ಹೊರಡುವಾಗ ಅವನಿಗೊಂದು ನೋಟ್‌ಬುಕ್ ಕೊಟ್ಟೆ. ಯಾವ ಬಟ್ಟೆ, ಎಷ್ಟು ಶಾಖ, ಎಷ್ಟು ಹೊತ್ತು, ಎಷ್ಟು ಒತ್ತಡ, ಬಂದ ಫಲ ಏನು, ಎಲ್ಲ ಬರೆದಿಡಬೇಕು, ಪ್ರಾಕ್ಟಿಕಲ್ ರೆಕಾರ್ಡಿನ ಹಾಗೆ. ‘ಅವತ್ತು ರೆಕಾರ್ಡು ಬರೀಲಿಲ್ಲ ಅಂತ ನೀವು ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ ಸಾರ್’ ಎಂದು ಹುಡುಗ ನಕ್ಕ. ತಂದೆ ನಗಲಿಲ್ಲ. ಪಟ್ಟಿಯನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು, ‘ಈಗ ರಾತ್ರಿ ನಿದ್ದೆ ಬರುತ್ತೆ ಮೇಷ್ಟ್ರೇ’ ಎಂದರು.